ಹಾಗನ್ನದೆ ಇನ್ನೇನಂತಾರೆ?

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಒಂದು ಪುಟ್ಟ ಮಾತಿನ ಬಗ್ಗೆ ಹೇಳಬೇಕು ಅಂತ ಬಂದಿದ್ದೇನೆ. 1963ರ ಜೂನ್ ಕೊನೆಯಲ್ಲಿ ಲಂಡನ್ನಿನ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ 18 ವರ್ಷದ ಹುಡುಗಿ ಮ್ಯಾಂಡಿ ರೈಸ್-ಡೇವೀಸ್ ಸಾಕ್ಷಿ ಹೇಳಲು ಕಟಕಟೆಯಲ್ಲಿ ನಿಂತಿದ್ದಳು, ಸ್ಟೀಫನ್ ವಾರ್ಡ್ ಎಂಬವನ ಮೇಲಿನ ಕೇಸು ಅದು. ಲಾರ್ಡ್ ಆಸ್ಟರ್ ಎಂಬ ದೊಡ್ಡ ಮನುಷ್ಯನ ಜೊತೆ ತನಗೆ ಸಂಬಂಧ ಇತ್ತು ಅಂತ ಅವಳು ಹೇಳಿದ್ದಳು. ವಕೀಲರು ಕೇಳಿದರು, ಇದೆಲ್ಲ ಸುಳ್ಳು ಅಂತ ಆಸ್ಟರ್ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಾರೆ, ನಿನಗೆ ಗೊತ್ತಾ? ಅವಳು ಅಂದಳು, ‘ಹಿ ವುಡ್, ವುಡಂಟ್ ಹಿ?’ ಕೋರ್ಟಿನಲ್ಲಿದ್ದವರು ನಕ್ಕುಬಿಟ್ಟರು.

ಇದನ್ನು ಕನ್ನಡದಲ್ಲಿ ಹೇಗೆ ಹೇಳೋದು ಅಂತ ನಾನು ತುಂಬಾ ದಿನ ಯೋಚಿಸಿದ್ದೇನೆ. ‘ಅವರು ಹಾಗೇ ಹೇಳ್ತಾರೆ, ಅಲ್ವಾ?’ ಅನ್ನಬಹುದು, ಆದರೆ ಅದು ಸಪ್ಪೆ. ನಮ್ಮ ಮನೆಗಳಲ್ಲಿ ಹೆಂಗಸರು ಹೇಳುವ ಮಾತೊಂದಿದೆ, ‘ಹಾಗನ್ನದೆ ಇನ್ನೇನಂತಾರೆ?’ ಮ್ಯಾಂಡಿ ಹೇಳಿದ್ದು ಇದೇ. ಅದೇ ಧ್ವನಿ, ಅದೇ ಹೆಗಲು ಕುಣಿಸುವ ರೀತಿ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1961ರ ಜುಲೈನಲ್ಲಿ ಆಸ್ಟರ್ ಅವರ ಕ್ಲಿವ್ಡನ್ ಬಂಗಲೆಯಲ್ಲಿ ದೊಡ್ಡ ಔತಣ ಇತ್ತು, ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಕೂಡ ಅತಿಥಿ. ಅಲ್ಲಿನ ಈಜುಕೊಳದ ಹತ್ತಿರ ಬ್ರಿಟನ್ನಿನ ಯುದ್ಧ ಸಚಿವ ಜಾನ್ ಪ್ರೊಫ್ಯುಮೊ ಮ್ಯಾಂಡಿಯ ಗೆಳತಿ, 19 ವರ್ಷದ ಕ್ರಿಸ್ಟೀನ್ ಕೀಲರ್‌ಳನ್ನು ನೋಡಿದ. ಅವನಿಗಾಗಲೇ 46, ಮದುವೆಯಾಗಿತ್ತು. ಅವಳನ್ನು ಅಲ್ಲಿಗೆ ಕರೆತಂದವನು ಸ್ಟೀಫನ್ ವಾರ್ಡ್. ಮೈಕೈ ನೋವಿಗೆ, ಬೆನ್ನುನೋವಿಗೆ ಕೈಯಿಂದ ಒತ್ತಿ ಚಿಕಿತ್ಸೆ ಮಾಡುತ್ತಿದ್ದವನು, ದೊಡ್ಡ ದೊಡ್ಡವರೆಲ್ಲ ಅವನ ರೋಗಿಗಳು. ಇದೇ ವಾರ್ಡ್‌ನ ಇನ್ನೊಬ್ಬ ಸ್ನೇಹಿತ ಸೋವಿಯತ್ ನೌಕಾದಳದ ಅಧಿಕಾರಿ ಇವಾನೋವ್, ಅವನಿಗೂ ಕೀಲರ್ ಪರಿಚಯ. ಶೀತಲ ಸಮರದ ಕಾಲ ಬೇರೆ. ಪ್ರೊಫ್ಯುಮೊ, ಕೀಲರ್ ಇಬ್ಬರ ಸಂಬಂಧದ ವಿಷಯ ಹೊರಗೆ ಬಂದಾಗ ಅದು ಬರೀ ಪ್ರಣಯದ ಸುದ್ದಿಯಾಗಿ ಉಳಿಯಲಿಲ್ಲ, ದೇಶದ ಗುಟ್ಟು ಸೋರಿತೇನೋ ಅನ್ನುವ ಹೆದರಿಕೆಯೂ ಸೇರಿಕೊಂಡಿತು.

1963ರ ಮಾರ್ಚ್ 22ರಂದು ಪ್ರೊಫ್ಯುಮೊ ಸಂಸತ್ತಿನಲ್ಲಿ ಎದ್ದು ನಿಂತು, ನನ್ನ ಮತ್ತು ಕೀಲರ್ ಪರಿಚಯದಲ್ಲಿ ಅನುಚಿತವಾದದ್ದು ಏನೂ ಇರಲಿಲ್ಲ, ಹೊರಗೆ ಯಾರಾದರೂ ಹಾಗೆ ಹೇಳಿದರೆ ಕೇಸು ಹಾಕುತ್ತೇನೆ ಅಂದ. ಸಭೆ ನಂಬಿತು. ಪ್ರಧಾನಿ ಮ್ಯಾಕ್‌ಮಿಲನ್ ನಂಬಿದರು. ಜೂನ್ 5ಕ್ಕೆ, ನಾನು ಸದನಕ್ಕೆ ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡು ರಾಜೀನಾಮೆ ಕೊಟ್ಟ.

ಈ ತಾರೀಖುಗಳನ್ನು ಗಮನಿಸಿ. ಮ್ಯಾಂಡಿ ಕಟಕಟೆ ಹತ್ತಿದ್ದು ಇದಾಗಿ ಒಂದು ತಿಂಗಳೂ ಆಗಿರಲಿಲ್ಲ. ದೊಡ್ಡ ಮನುಷ್ಯ ‘ಇಲ್ಲ’ ಅಂದರೆ ಇಲ್ಲ ಅಂತ ಒಪ್ಪಿಕೊಳ್ಳುವ ಅಭ್ಯಾಸಕ್ಕೆ ಆಗಷ್ಟೇ ಪೆಟ್ಟು ಬಿದ್ದಿತ್ತು. ಜನರ ಮನಸ್ಸಿನಲ್ಲಿದ್ದದ್ದನ್ನು ಅವಳು ಬಾಯಿಬಿಟ್ಟು ಹೇಳಿದಳು, ಆ ನಗು ಬಂದದ್ದು ಅದಕ್ಕೇ ಅಂತ ನನ್ನ ನಂಬಿಕೆ.

ನನಗೆ ತುಂಬಾ ಇಷ್ಟವಾಗುವುದು ಅವಳು ಏನು ಹೇಳಲಿಲ್ಲ ಅನ್ನೋದು. ಆಸ್ಟರ್ ಸುಳ್ಳುಗಾರ ಅನ್ನಲಿಲ್ಲ, ಅಳಲಿಲ್ಲ, ಆಣೆ ಇಡಲಿಲ್ಲ. ಅವರು ಬೇರೆ ಏನು ಹೇಳೋಕೆ ಸಾಧ್ಯ, ಅದಕ್ಕೆ ಎಷ್ಟು ಬೆಲೆ ಕೊಡ್ತೀರಿ ಅಂತ ಕೇಳಿದಳು, ಅಷ್ಟೇ. ಇಲ್ಲಿ ಒಂದು ಎಚ್ಚರವೂ ಬೇಕು. ತಪ್ಪೇ ಮಾಡದವನೂ ‘ಇಲ್ಲ’ ಅಂತಲೇ ಹೇಳಬೇಕಲ್ಲ? ಹಾಗಾಗಿ ಈ ಮಾತಿನಿಂದ ಯಾರ ತಪ್ಪೂ ಸಾಬೀತಾಗುವುದಿಲ್ಲ. ಅಲ್ಲಗಳೆದ ಮಾತ್ರಕ್ಕೆ ವಿಚಾರಣೆ ಮುಗಿಯಿತು ಅನ್ನಬೇಡಿ, ಇಷ್ಟೇ ಅದರ ಅರ್ಥ. ಆದರೆ ಈಗ ಇದನ್ನು ಬಳಸುವವರು ಜಾಸ್ತಿ ಜನ ಎದುರಿನವನ ಬಾಯಿ ಮುಚ್ಚಿಸಲು ಬಳಸುತ್ತಾರೆ. ಅದು ನನಗೆ ಬೇಸರ.

ಆಗಲೇ ಹೆಗಲು ಕುಣಿಸುವ ಮಾತು ಬಂತಲ್ಲ, ಹೆಗಲು ಅಂದಾಗ ನಮ್ಮ ಗಾದೆ ನೆನಪಾಗುತ್ತದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಗಾದೆಯ ಕಳ್ಳ ಬಡವ, ಅವನ ಮೈಯೇ ಅವನನ್ನು ಹಿಡಿದುಕೊಡುತ್ತದೆ. ಕ್ಲಿವ್ಡನ್ನಿನಂಥ ಮನೆಯವರು ಎಲ್ಲರ ಮುಂದೆ ಬಂದು ನಿಲ್ಲುವುದೇ ಇಲ್ಲ, ಅವರ ಹೇಳಿಕೆ ಮಾತ್ರ ಕೋರ್ಟಿಗೆ ಬರುತ್ತದೆ. ವಾರ್ಡ್ ವಿಚಾರಣೆಗೆ ಆಸ್ಟರ್ ಸಾಕ್ಷಿ ಹೇಳಲು ಬರಲಿಲ್ಲ.

ಬೆಲೆ ತೆತ್ತವರು ಯಾರು ನೋಡಿ. ಹೆಂಗಸರ ಸಂಪಾದನೆಯಲ್ಲಿ ಬದುಕಿದ ಅನ್ನುವ ಆರೋಪ ಹೊತ್ತ ವಾರ್ಡ್ ತೀರ್ಪಿನ ಹಿಂದಿನ ರಾತ್ರಿ ನಿದ್ದೆ ಮಾತ್ರೆ ನುಂಗಿದ. ಅವನು ಪ್ರಜ್ಞೆ ಇಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ತಪ್ಪಿತಸ್ಥ ಅಂತ ತೀರ್ಪು ಬಂತು. ಆಗಸ್ಟ್ 3ಕ್ಕೆ ಸತ್ತ. ಅವನ ಮೇಜಿನಲ್ಲಿ ಊಟ ಮಾಡಿದ ದೊಡ್ಡ ಸ್ನೇಹಿತರು ಆಗ ಎಲ್ಲಿದ್ದರು? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಕೀಲರ್‌ಗೆ ಇನ್ನೊಂದು ಕೇಸಿನಲ್ಲಿ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ 9 ತಿಂಗಳ ಜೈಲು ಶಿಕ್ಷೆ. ಪ್ರೊಫ್ಯುಮೊ ಪೂರ್ವ ಲಂಡನ್ನಿನ ಟಾಯ್ನ್‌ಬೀ ಹಾಲ್‌ನಲ್ಲಿ ಬಡವರ ಸೇವೆಗೆ ಸೇರಿ ವರ್ಷಗಟ್ಟಲೆ ದುಡಿದ, ಅದನ್ನು ನಾನು ಗೌರವಿಸುತ್ತೇನೆ. 1975ರಲ್ಲಿ ಅವನಿಗೆ ಸರ್ಕಾರದ ಗೌರವವೂ ಸಿಕ್ಕಿತು. ಕೀಲರ್ ಮಾತ್ರ 2017ರಲ್ಲಿ ಸಾಯುವ ತನಕ ಅದೇ ಹಳೆಯ ಕೆಟ್ಟ ಹೆಸರನ್ನು ಹೊತ್ತುಕೊಂಡೇ ಬದುಕಿದಳು.

ಮ್ಯಾಂಡಿ ಗಟ್ಟಿಗಿತ್ತಿ. ಇಸ್ರೇಲಿಗೆ ಹೋದಳು, ಮದುವೆಯಾದಳು, ಟೆಲ್ ಅವೀವ್‌ನಲ್ಲಿ ತನ್ನ ಹೆಸರಿನಲ್ಲೇ ನೈಟ್‌ಕ್ಲಬ್ ನಡೆಸಿದಳು. ಅವಳ ಮಾತು ಆಕ್ಸ್‌ಫರ್ಡ್‌ನ ಉಲ್ಲೇಖಗಳ ನಿಘಂಟು ಸೇರಿತು. ಜನರ ಬಾಯಲ್ಲಿ ಅದು ಸ್ವಲ್ಪ ಉದ್ದ ಆಗಿದೆ, ‘ಹಿ ವುಡ್ ಸೇ ದಟ್, ವುಡಂಟ್ ಹಿ’ ಅಂತ. ‘ಸೇ ದಟ್’ ಅವಳದಲ್ಲ. ಅವಳು ಅಷ್ಟೂ ಹೇಳಬೇಕಾಗಿರಲಿಲ್ಲ. 2014ರ ಡಿಸೆಂಬರಿನಲ್ಲಿ, 70ನೇ ವಯಸ್ಸಿನಲ್ಲಿ ಅವಳು ತೀರಿಕೊಂಡಾಗ ಪತ್ರಿಕೆಗಳು ಅವಳ ಹೆಸರಿನ ಪಕ್ಕದಲ್ಲೇ ಆ ಮಾತನ್ನೂ ಅಚ್ಚು ಹಾಕಿದವು.