ಕಣ್ಣೀರಿಗೆ ಕರಗುವ ಗೋಡೆ

ಕೇಳುಗರಿಗೆ ನಮಸ್ಕಾರ.

ಬ್ಯಾಕ್ಟೀರಿಯಾ ಅಂದ ಕೂಡಲೇ ನಮಗೆ ಕಾಯಿಲೆ ನೆನಪಾಗುತ್ತದೆ. ಇವತ್ತು ಅದರ ಮೈ ಹೇಗಿದೆ ನೋಡೋಣ. ಅದರಲ್ಲೂ ಗೋಡೆ. ತರಗತಿಯಲ್ಲಿ ನಾನು ಪ್ರತಿ ವರ್ಷ ಹೇಳುವ ಮಾತು ಇದೊಂದೇ: ಗೋಡೆ ಅರ್ಥವಾದರೆ ಬ್ಯಾಕ್ಟೀರಿಯಾ ಅರ್ಥವಾದಂತೆ.

ಸೈಕಲ್ ಚಕ್ರ ನೆನೆಸಿಕೊಳ್ಳಿ. ಬರೀ ಟ್ಯೂಬಿಗೆ ಗಾಳಿ ಹೊಡೆಯುತ್ತಾ ಹೋದರೆ ಉಬ್ಬಿ ಒಡೆಯುತ್ತದೆ. ಟೈರು ಅದನ್ನು ಹಿಡಿದಿಡುತ್ತದೆ, ಅಲ್ವಾ? ಬ್ಯಾಕ್ಟೀರಿಯಾದ ತೆಳು ಪೊರೆಯೇ ಟ್ಯೂಬು. ಸುತ್ತ ಬಲೆಯಂತೆ ಹೆಣೆದ ಗೋಡೆಯೇ ಟೈರು. ಒಳಗಿನ ರಸ ಗಟ್ಟಿ. ಹಾಗಾಗಿ ಹೊರಗಿನ ನೀರು ಒಳಕ್ಕೆ ನುಗ್ಗುತ್ತಲೇ ಇರುತ್ತದೆ. ಗೋಡೆ ಹರಿದರೆ ಪಟ್ ಅಂತ ಒಡೆಯುತ್ತದೆ, ಅಷ್ಟೇ.

ಇದಕ್ಕೆ ನನ್ನ ಮೆಚ್ಚಿನ ಕಥೆಯೊಂದಿದೆ. 1921. ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆ. ಅಲ್ಲಿನ ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್‌ಗೆ ನೆಗಡಿ. ತಮ್ಮ ಮೂಗಿನ ಸಿಂಬಳವನ್ನೇ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಹಾಕಿದರು. ಕೆಲವು ದಿನ ಬಿಟ್ಟು ನೋಡಿದರೆ ತಟ್ಟೆ ತುಂಬ ಹಳದಿ ಬ್ಯಾಕ್ಟೀರಿಯಾ, ಸಿಂಬಳದ ಹತ್ತಿರ ಮಾತ್ರ ಎಲ್ಲ ಕರಗಿಹೋಗಿದೆ! ಕಣ್ಣೀರಿಗೂ ಆ ಶಕ್ತಿ ಇದೆಯಾ? ನಿಂಬೆ ಸಿಪ್ಪೆ ಹಿಂಡಿ ತಮ್ಮ ಕಣ್ಣಲ್ಲೂ ಜೊತೆಯವರ ಕಣ್ಣಲ್ಲೂ ನೀರು ತರಿಸಿದರು. ಮಜ್ಜಿಗೆ ನೀರಿನಂತೆ ಮಸುಕಾಗಿದ್ದ ಬ್ಯಾಕ್ಟೀರಿಯಾ ದ್ರವಕ್ಕೆ ಆ ಕಣ್ಣೀರು ಬೆರೆಸಿದರೆ ನೋಡನೋಡುತ್ತಲೇ ತಿಳಿಯಾಯಿತು. ಆ ಕಣ್ಣೀರಿನಲ್ಲಿ ಇದ್ದದ್ದು ಲೈಸೋಜೈಮ್ ಎಂಬ ಪ್ರೋಟೀನು. ಗೋಡೆಯ ಎಳೆಗಳನ್ನು ಕತ್ತರಿಸುವುದೇ ಅದರ ಕೆಲಸ. ಕೋಳಿಮೊಟ್ಟೆಯ ಬಿಳಿಭಾಗದಲ್ಲೂ ಅದು ಇದೆ. ಕಣ್ಣೀರು ಬರೀ ದುಃಖಕ್ಕಲ್ಲ, ನಮ್ಮ ಕಣ್ಣನ್ನು ದಿನವಿಡೀ ಕಾಯುತ್ತದೆ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇದೇ ಫ್ಲೆಮಿಂಗ್ 1928ರಲ್ಲಿ ಪೆನ್ಸಿಲಿನ್ ಎಂಬ ಆಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧ, ಕಂಡರು. ಅದರ ಗುರಿಯೂ ಗೋಡೆಯೇ. ಬ್ಯಾಕ್ಟೀರಿಯಾ ಬೆಳೆಯುವಾಗ ಗೋಡೆಗೆ ಹೊಸ ಹೊಲಿಗೆ ಹಾಕಬೇಕು. ಪೆನ್ಸಿಲಿನ್ ಆ ಹೊಲಿಗೆ ತಡೆಯುತ್ತದೆ. ನಮ್ಮ ಜೀವಕೋಶಕ್ಕೆ ಈ ಗೋಡೆಯೇ ಇಲ್ಲ, ಹಾಗಾಗಿ ಔಷಧ ನಮ್ಮ ಕೋಶವನ್ನು ಒಡೆಯುವುದಿಲ್ಲ.

ಸಮಯ ಮುಗಿಯುತ್ತಾ ಬಂತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬ್ಯಾಕ್ಟೀರಿಯಾದ ಒಳಗೆ ಬೇರೆ ಬೇರೆ ಕೋಣೆಗಳಿಲ್ಲ. ಡಿಎನ್‌ಎ ದಾರದುಂಡೆಯಂತೆ ಸುಮ್ನೆ ನಡುವೆ ಬಿದ್ದಿರುತ್ತದೆ. ಪ್ರೋಟೀನು ಕಟ್ಟುವುದು ರೈಬೋಸೋಮು ಅನ್ನುವ ಪುಟ್ಟ ಕಣಗಳು. ಈಜುವುದಕ್ಕೆ ಕೆಲವಕ್ಕೆ ಬಾಲವಿದೆ, ಅದು ಫ್ಯಾನಿನಂತೆ ಗಿರ್ರನೆ ತಿರುಗುತ್ತದೆ.

ಮತ್ತೆ ಗೋಡೆಗೇ ಬರುತ್ತೇನೆ. ನೆಗಡಿ ತರುವುದು ವೈರಸ್. ಅದಕ್ಕೆ ಈ ಗೋಡೆ ಇಲ್ಲ. ದಯವಿಟ್ಟು ಮೆಡಿಕಲ್ ಶಾಪಿಗೆ ಹೋಗಿ ನೆಗಡಿಗೆ ಆಂಟಿಬಯೋಟಿಕ್ ಕೇಳಬೇಡಿ. ಗೋಡೆಯೇ ಇಲ್ಲದ ಕಡೆ ಪೆನ್ಸಿಲಿನ್ ಏನನ್ನು ಒಡೆಯಬೇಕು?

ನಮಸ್ಕಾರ.