ಡೆಕ್ಸಾಮೆಥಾಸೋನ್: ಮದ್ದಿನಂಗಡಿಯಲ್ಲಿ ಸುಮ್ನೆ ಕೇಳಿ ತಗೊಳ್ಳಬೇಡಿ

ನಮಸ್ಕಾರ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಈ ವಿಡಿಯೋ ನೋಡುತ್ತಿರುವವರೇ, ಜ್ವರಕ್ಕೋ ಗಂಟುನೋವಿಗೋ "ಅವತ್ತು ಕೊಟ್ಟ ಮಾತ್ರೆಯೇ ಕೊಡಿ" ಎಂದು ನೀವೂ ಕೇಳಿರಬಹುದು, ಅಲ್ವಾ? ಆ ಮಾತ್ರೆ ಸ್ಟಿರಾಯ್ಡ್ ಆಗಿದ್ದರೆ?

(ಪರದೆಯಲ್ಲಿ: ಮೂತ್ರಪಿಂಡದ ಮೇಲಿನ ಗ್ರಂಥಿಯ ಚಿತ್ರ)

ನಮ್ಮ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುತ್ತದೆ. ಅದನ್ನೇ ಹೋಲುವ, ಅದಕ್ಕಿಂತ ಸುಮಾರು 25 ಪಟ್ಟು ಬಲವಾದ ಸ್ಟಿರಾಯ್ಡ್ ಮದ್ದು ಡೆಕ್ಸಾಮೆಥಾಸೋನ್. 1950ರ ದಶಕದಲ್ಲಿ ಬಂತು. ಮಿದುಳಿನ ಗೆಡ್ಡೆಯ ಸುತ್ತಲಿನ ಊತಕ್ಕೆ, ಕೀಮೋಥೆರಪಿಯ ವಾಂತಿಗೆ, ಜೋರಾದ ಅಲರ್ಜಿಗೆ ಕೊಡುತ್ತಾರೆ. ಉರಿಯೂತ ಇಳಿಸುತ್ತದೆ. ರೋಗಾಣುವನ್ನು ಮಾತ್ರ ಕೊಲ್ಲುವುದಿಲ್ಲ.

2020 ನೆನಪಿದೆಯಲ್ಲ? ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರು ಕಂಗಾಲಾಗಿದ್ದರು. ಅದೇ ವರ್ಷ ಜೂನ್ 16ರಂದು ಬ್ರಿಟನ್ನಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ನಡೆಸಿದ 'ರಿಕವರಿ' ಅಧ್ಯಯನದ ಸುದ್ದಿ ಬಂತು. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ 2,104 ಮಂದಿಗೆ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ ಈ ಮದ್ದು ಕೊಟ್ಟರು. 4,321 ಮಂದಿಗೆ ಮಾಮೂಲಿ ಚಿಕಿತ್ಸೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಅದಕ್ಕೇ ಈ ಫಲಿತಾಂಶ ನಂಬಬಹುದು.

(ಪರದೆಯಲ್ಲಿ: 28 ದಿನಗಳೊಳಗಿನ ಸಾವು, ಶೇಕಡಾ)

ವೆಂಟಿಲೇಟರ್‌ನಲ್ಲಿದ್ದವರ ಸಾವು 41ರಿಂದ 29ಕ್ಕೆ ಇಳಿಯಿತು. ಆಕ್ಸಿಜನ್ ಬೇಕಾಗಿದ್ದವರಲ್ಲಿ 26ರಿಂದ 23ಕ್ಕೆ. ಇಷ್ಟು ಅಗ್ಗದ ಹಳೇ ಮದ್ದು ಇಷ್ಟು ಜೀವ ಉಳಿಸಿದ್ದು ನನಗೆ ಈಗಲೂ ದೊಡ್ಡ ವಿಷಯ. ಆದರೆ ಆಕ್ಸಿಜನ್ನೇ ಬೇಡದವರಲ್ಲಿ? ಮದ್ದು ಇಲ್ಲದೆ 14, ಮದ್ದು ಕೊಟ್ಟಾಗ ಸುಮಾರು 18. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಲಾಭವಂತೂ ಕಾಣಲಿಲ್ಲ.

ಯಾಕೆ ಹೀಗೆ? ಮೊದಲ ದಿನಗಳಲ್ಲಿ ವೈರಸ್ ಜೊತೆ ಹೋರಾಡುವುದು ನಮ್ಮ ರೋಗನಿರೋಧಕ ಶಕ್ತಿ. ಸ್ಟಿರಾಯ್ಡ್ ಅದನ್ನೇ ತಗ್ಗಿಸುತ್ತದೆ. ಕಾಯಿಲೆ ಜೋರಾದ ಮೇಲೆ ಅದೇ ಶಕ್ತಿ ಮಿತಿಮೀರಿ ಶ್ವಾಸಕೋಶ ಕೆಡಿಸುತ್ತದೆ, ಆಗ ತಗ್ಗಿಸಬೇಕು. ಆ ಹೊತ್ತು ಯಾವುದೆಂದು ಹೇಳಬೇಕಾದವರು ಡಾಕ್ಟರು.

ಸಕ್ಕರೆ ಕಾಯಿಲೆ ಇದ್ದವರು ಇನ್ನೂ ಜಾಗ್ರತೆ. ಈ ಮದ್ದು ಸಕ್ಕರೆ ಏರಿಸುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ಸಕ್ಕರೆ ಕಾಯಿಲೆ, ಸ್ಟಿರಾಯ್ಡ್ ಎರಡೂ ಕಾರಣಗಳ ಸಾಲಿನಲ್ಲಿದ್ದವು. ಬಹಳ ಕಾಲ ತಗೊಂಡರೆ ಮೂಳೆಯೂ ಸವೆಯುತ್ತದೆ.

ಇನ್ನೊಂದು ಮಾತು. ವಾರಗಟ್ಟಲೆಯಿಂದ ಈ ಮಾತ್ರೆ ನುಂಗುತ್ತಿದ್ದರೆ, ವಿಡಿಯೋ ನೋಡಿ ಹೆದರಿ ಇವತ್ತೇ ನಿಲ್ಲಿಸಬೇಡಿ. ಹೊರಗಿನಿಂದ ಸಿಗುತ್ತಿದ್ದ ಕಾರಣ ನಿಮ್ಮ ಗ್ರಂಥಿ ಕಾರ್ಟಿಸಾಲ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಬಿಪಿ ಕುಸಿಯಬಹುದು, ಜೀವಕ್ಕೇ ಅಪಾಯವಾಗಬಹುದು. ಮಾತ್ರೆಯ ಪಟ್ಟಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಅವರು ಡೋಸ್ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ.