ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ ಐದು ಜನ. ನಾವಿಬ್ಬರು, ಎರಡು ಮಕ್ಕಳು, ಅತ್ತೆ. ಹಬ್ಬ ಬಂದರೆ ನಾದಿನಿ ಮತ್ತು ಅವಳ ಮಗಳು ಸೇರಿ ಏಳಾಗುತ್ತೇವೆ. ಕಾರಿನ ಮಾತು ಶುರುವಾದಾಗ ತಲೆ ಕೆಡಿಸಿದ್ದು ಇದೇ. ಐದು ಜನಕ್ಕೆ ಕೊಳ್ಳಬೇಕೋ, ಏಳು ಜನಕ್ಕೋ?

ನಾನು ಚಿಕ್ಕವಳಿದ್ದಾಗ ಈ ಲೆಕ್ಕವೇ ಇರಲಿಲ್ಲ. ಮಾರುತಿ ವ್ಯಾನ್ ಇತ್ತಲ್ವಾ? 1984ರಲ್ಲಿ ಬಂದ ಗಾಡಿ. ಆಮೇಲೆ ಓಮ್ನಿ ಅಂತ ಹೆಸರಾಯಿತು. 796 ಸಿಸಿಯ ಪುಟ್ಟ ಇಂಜಿನ್, ಅದೂ ಮುಂದಿನ ಸೀಟಿನ ಕೆಳಗೆ. ಜಾರಿಸಿ ತೆಗೆಯುವ ಬಾಗಿಲು. ಬೆಳಗ್ಗೆ ಸ್ಕೂಲ್ ಮಕ್ಕಳು, ಮಧ್ಯಾಹ್ನ ಮದುವೆಮನೆಯ ಪಾತ್ರೆ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆಗೂ ಅದೇ. ಆದರೆ ಡ್ರೈವರ್‌ನ ಮೊಣಕಾಲಿನ ಮುಂದೆ ಒಂದು ತಗಡು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. 2019ರಲ್ಲಿ ಅದರ ತಯಾರಿಕೆ ನಿಂತಿತು.

ಅದೇ ವರ್ಷ ಆಗಸ್ಟ್‌ನಲ್ಲಿ ರೆನೋ ಕಂಪನಿಯ ಟ್ರೈಬರ್ ಬಂತು. ಏಳು ಸೀಟು ಇದ್ದರೂ ಉದ್ದ ನಾಲ್ಕು ಮೀಟರಿಗೆ ಒಂದು ಸೆಂಟಿಮೀಟರ್ ಕಡಿಮೆ. ಈ ಒಂದು ಸೆಂಟಿಮೀಟರ್ ಸುಮ್ನೆ ಬಿಟ್ಟಿದ್ದಲ್ಲ. ನಮ್ಮ ದೇಶದಲ್ಲಿ ನಾಲ್ಕು ಮೀಟರ್ ದಾಟದ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಅಂಥ ಕಾರಿಗೆ ಜಿಎಸ್‌ಟಿ ಶೇಕಡಾ 18. ಗೆರೆ ದಾಟಿದರೆ ಶೇಕಡಾ 40. ಮಾರುತಿಯ ಏಳು ಸೀಟಿನ ಕಾರು ಎರ್ಟಿಗಾದ ಉದ್ದ ನಾಲ್ಕು ಮೀಟರಿಗಿಂತ ಜಾಸ್ತಿ, ಇಂಜಿನ್ 1462 ಸಿಸಿ. ಅದು ಗೆರೆಯ ಆಚೆ ಬೀಳುತ್ತದೆ. ಎರಡೂ ಏಳು ಸೀಟಿನ ಗಾಡಿಯೇ. ಆದರೂ ಬೆಲೆಯಲ್ಲಿ ಅಷ್ಟು ಅಂತರ ಬರಲು ಇದೂ ಒಂದು ಕಾರಣ. ಇದರ ಮೇಲೆ ಕರ್ನಾಟಕದ ಜೀವಿತಾವಧಿ ರಸ್ತೆ ತೆರಿಗೆ ಬೇರೆ ಇದೆ. ಶೋರೂಮಿನ ಬೋರ್ಡಿನಲ್ಲಿರುವ ಬೆಲೆ ನೋಡಿ ಹೊರಡಬೇಡಿ. ಗಾಡಿ ಮನೆ ಮುಂದೆ ನಿಲ್ಲುವ ಹೊತ್ತಿಗೆ ಒಟ್ಟು ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ.

ಈಗ ಒಳಗೆ ಬರೋಣ. ಟ್ರೈಬರ್‌ನಲ್ಲಿ ನನಗೆ ತುಂಬ ಹಿಡಿಸಿದ್ದು ಕೊನೆಯ ಸಾಲಿನ ಎರಡು ಸೀಟು. ಅವನ್ನು ಮಡಚುವುದಷ್ಟೇ ಅಲ್ಲ, ಬಿಚ್ಚಿ ಮನೆಯೊಳಗೆ ಇಡಬಹುದು. ಏಳೂ ಸೀಟು ಇದ್ದಾಗ ಡಿಕ್ಕಿಯಲ್ಲಿ ಉಳಿಯುವುದು 84 ಲೀಟರ್ ಜಾಗ. ಎರಡು ಕೈಚೀಲ, ಒಂದು ತೆಂಗಿನಕಾಯಿ ಬುಟ್ಟಿ ಇಟ್ಟರೆ ಮುಗಿಯಿತು. ಆ ಸೀಟು ತೆಗೆದರೆ 625 ಲೀಟರ್. ಊರಿನಿಂದ ಅಕ್ಕಿ ಮೂಟೆ ತರುವವರಿಗೆ ಇದರ ಬೆಲೆ ಗೊತ್ತು. ಏಳು ಜನ ಮತ್ತು ಏಳು ಜನರ ಸಾಮಾನು, ಎರಡೂ ಒಟ್ಟಿಗೆ ಆಗುವುದಿಲ್ಲ. ಇದನ್ನು ಒಪ್ಪಿಕೊಂಡರೆ ಮಾತ್ರ ಈ ಗಾಡಿ ಕೊಳ್ಳಿ. ಎರ್ಟಿಗಾದಲ್ಲಿ ಏಳು ಸೀಟು ಇದ್ದಾಗಲೂ 209 ಲೀಟರ್ ಸಿಗುತ್ತದೆ. ವರ್ಷವಿಡೀ ಏಳು ಜನ ಓಡಾಡುವ ಮನೆಗೆ ಸಾಲ ಸ್ವಲ್ಪ ಜಾಸ್ತಿಯಾದರೂ ಅದೇ ಸರಿ ಎಂದು ನನ್ನ ಅಭಿಪ್ರಾಯ.

ಇಂಜಿನ್ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಟ್ರೈಬರ್‌ನದು 999 ಸಿಸಿ, ಮೂರು ಸಿಲಿಂಡರ್, 72 ಕುದುರೆಶಕ್ತಿ. ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳಿ ಬಲ ಕೊಡುವ ಟರ್ಬೊ ಇಲ್ಲ. ಗಾಡಿಯ ತೂಕ ಸುಮಾರು 950 ಕೆಜಿ. ತಲೆಗೆ 60 ಕೆಜಿ ಹಿಡಿದರೂ ಏಳು ಜನ ಎಂದರೆ 420 ಕೆಜಿ. ಅಂದರೆ ಗಾಡಿಯ ಅರ್ಧದ ಹತ್ತಿರ ತೂಕವನ್ನು ನಾವೇ ಹೇರುತ್ತೇವೆ! ನಾವು ಹಾಸನದವರು. ಇಲ್ಲಿಂದ ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿ ಇಳಿಜಾರು, ಸಲೀಸು. ಬರುವಾಗ ಅದೇ ಘಾಟಿ ಹತ್ತಬೇಕು, ಊಟ ಮಾಡಿದ ಏಳು ಜನರನ್ನು ಹೊತ್ತುಕೊಂಡು. ಆಗ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಹತ್ತಿಸಬೇಕು. ಲಾರಿ ಹಿಂದಿಕ್ಕುವ ಆತುರ ಬೇಡ. ಊರೊಳಗೆ ನಾಲ್ಕೈದು ಜನಕ್ಕೆ ಈ ಇಂಜಿನ್ ಸಾಕು, ಧಾರಾಳ ಸಾಕು.

ಸುರಕ್ಷತೆಯ ಮಾತಿಗೆ ಬಂದರೆ, 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಕಾರನ್ನು ಗುದ್ದಿಸಿ ನೋಡುವ ಪರೀಕ್ಷೆಯಲ್ಲಿ ಟ್ರೈಬರ್‌ಗೆ ಐದರಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ಸ್ಟಾರ್, ಮಕ್ಕಳ ರಕ್ಷಣೆಗೆ ಮೂರು ಸ್ಟಾರ್ ಸಿಕ್ಕಿತು. ಅದು ಹಳೆಯ ನಿಯಮದ ಪರೀಕ್ಷೆ. 2022ರಲ್ಲಿ ನಿಯಮ ಬಿಗಿಯಾಯಿತು. ಆದ್ದರಿಂದ ಆ ಸ್ಟಾರುಗಳನ್ನು ಇವತ್ತಿನ ಕಾರುಗಳ ಪಕ್ಕ ಇಟ್ಟು ಹೋಲಿಸಬೇಡಿ. 2025ರ ಹೊಸ ರೂಪದಲ್ಲಿ ಆರು ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಇವೆ. ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಏರ್‌ಬ್ಯಾಗ್ ಎಷ್ಟು ಎಂದು ಕೇಳಿ. ಮಧ್ಯದ ಸಾಲಿನ ನಡುವಿನ ಸೀಟಿಗೆ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯೇ ಎಂದು ಎಳೆದು ನೋಡಿ. ಇಂಥ ಗಿಡ್ಡ ಗಾಡಿಗಳಲ್ಲಿ ಕೊನೆಯ ಸಾಲಿಗೂ ಹಿಂಬಾಗಿಲಿಗೂ ಗೇಣಿನಷ್ಟೇ ಅಂತರ. ಅದಕ್ಕೇ ಹೆದ್ದಾರಿಯಲ್ಲಿ ದೂರ ಹೋಗುವಾಗ ನಮ್ಮ ಮಕ್ಕಳನ್ನು ನಾನು ಅಲ್ಲಿ ಕೂರಿಸುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಕೊನೆಗೆ ತೀರ್ಮಾನ ಮಾಡಿದ್ದು ಅತ್ತೆಯ ಮೊಣಕಾಲು. ಹಿಂದೊಮ್ಮೆ ಒಂದು ಮದುವೆಗೆ ಎತ್ತರದ ದೊಡ್ಡ ಗಾಡಿಯನ್ನು ಬಾಡಿಗೆಗೆ ತಂದಿದ್ದೆವು. ಅತ್ತೆಗೆ ಹತ್ತಲು ಆಗಲೇ ಇಲ್ಲ. ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಹತ್ತಿಸಿದೆವು. ಅವರ ಮುಖ ಸಣ್ಣದಾಗಿದ್ದು ನನಗೆ ಇನ್ನೂ ನೆನಪಿದೆ. ಅದಕ್ಕೆ ಈ ಸಲ ಶೋರೂಮಿಗೆ ಅವರನ್ನೂ ಕರೆದುಕೊಂಡು ಹೋದೆವು. ಟ್ರೈಬರ್‌ನ ಹಿಂದಿನ ಬಾಗಿಲು ಅಗಲವಾಗಿ ತೆರೆಯಿತು. ಅವರು ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಕಾಲು ಒಳಗೆ ಎಳೆದುಕೊಂಡರು. ಯಾರ ಕೈಯನ್ನೂ ಹಿಡಿಯಲಿಲ್ಲ.

ಕೊನೆಯ ಸಾಲಿನ ಸೀಟುಗಳು ಈಗ ನಮ್ಮ ಅಟ್ಟದ ಮೇಲಿವೆ, ಹಳೆಯ ಬೆಡ್‌ಶೀಟ್ ಸುತ್ತಿಕೊಂಡು. ಗೌರಿ ಹಬ್ಬಕ್ಕೆ ನಾದಿನಿ ಬರುತ್ತಾಳೆಂದರೆ ಹಿಂದಿನ ದಿನವೇ ಮಕ್ಕಳು ಅವನ್ನು ಇಳಿಸಿ ಧೂಳು ಒರೆಸಲು ನಿಲ್ಲುತ್ತಾರೆ.

ನಮಸ್ಕಾರ.